ಮದ್ದು ಬಿಡುವವರ ಕಣ್ಣು

ಎರಡನೇ ಮದ್ದಿಗೆ ಮಳೆ ಹೊಳವಾಗಲು ಕಾಯುವ ಸಂಕಟ ಅಡಿಕೆ ತೋಟದವರಿಗೆ ಗೊತ್ತು. 2018ರ ಜುಲೈಯಲ್ಲಿ ಒಂದು ಬೆಳಿಗ್ಗೆ ಸ್ವಲ್ಪ ಬಿಸಿಲು ಕಂಡದ್ದೇ ತಡ, ಆಳುಗಳನ್ನು ಕರೆಸಿದೆ. ಸುಣ್ಣ ಹಿಂದಿನ ದಿನವೇ ಅರಳಿಸಿ ಇಡಬೇಕಿತ್ತು, ಇಟ್ಟಿರಲಿಲ್ಲ. ಗಡಿಬಿಡಿಯಲ್ಲಿ ಸುಟ್ಟ ಸುಣ್ಣಕ್ಕೆ ನೀರು ಹೊಯ್ದೆವು. ಅದು ಕೊತಕೊತ ಕುದಿದು, ಬಗ್ಗಿ ನಿಂತಿದ್ದವನ ಎಡಗಣ್ಣಿಗೆ ಹಾರಿತು.

"ಕಣ್ಣು ಹೋಯ್ತು ಅಣ್ಣೇರೇ" ಅಂತ ಕೂತುಬಿಟ್ಟ. ನಾನು ಬೈರಾಸಿನಿಂದ ಒರೆಸಿದೆ. ಮನೆಯಿಂದ ಯಾರೋ ಹರಳೆಣ್ಣೆ ತಂದು ಬಿಟ್ಟರು. ಜೀಪು ಹುಡುಕಿ ಪೇಟೆಗೆ ಮುಟ್ಟುವಾಗ ಒಂದು ಗಂಟೆ ಆಗಿತ್ತು. ಡಾಕ್ಟ್ರು ಮೊದಲು ಕೇಳಿದ್ದು, "ನೀರು ಹಾಕಿದ್ದೀರಾ?" ಪಕ್ಕದಲ್ಲೇ ಕೆರೆ, ಟ್ಯಾಂಕಿ ತುಂಬ ನೀರು, ಒಂದು ಚೆಂಬು ಹೊಯ್ಯಲು ನನಗೆ ಹೊಳೆಯಲಿಲ್ಲ! ಅವನ ಕಣ್ಣಿನಲ್ಲಿ ಬಿಳಿ ಕಲೆ ಉಳಿದಿದೆ. ದೂರದ ಅಂದಾಜು ಸಿಗುವುದಿಲ್ಲವೆಂದು ಮರ ಹತ್ತುವುದನ್ನು ಬಿಟ್ಟ. ಆಸ್ಪತ್ರೆ ಖರ್ಚು ನಾನು ಕೊಟ್ಟೆ, ಆದರೆ ಮರ ಹತ್ತುವ ಸಂಬಳ ಹೋಯಿತಲ್ಲ.

ಸುಣ್ಣ ಕ್ಷಾರ. ಕಣ್ಣಿಗೆ ಬಿದ್ದರೆ ಆಮ್ಲಕ್ಕಿಂತಲೂ ಆಳಕ್ಕೆ ಸುಡುತ್ತಾ ಇಳಿಯುತ್ತದೆ. ಹಾಗಾಗಿ ಇದು ನಿಮಿಷಗಳ ಲೆಕ್ಕ. ಆ ಬದಿಗೆ ತಲೆ ವಾಲಿಸಿ ಮಲಗಿಸಿ, ರೆಪ್ಪೆ ಬಿಡಿಸಿ ಹಿಡಿದು, ಗಿಂಡಿಯಿಂದ ಶುದ್ಧ ನೀರು ಹೊಯ್ಯುತ್ತಲೇ ಇರಬೇಕು, ಕಡಿಮೆಯೆಂದರೆ ಅರ್ಧ ಗಂಟೆ. ಉಜ್ಜಬಾರದು. ಎಣ್ಣೆ, ಮೊಲೆಹಾಲು ಯಾವುದೂ ಬೇಡ. ಉರಿ ಕಡಿಮೆಯಾದರೂ ಕಣ್ಣಿನ ಡಾಕ್ಟ್ರ ಹತ್ತಿರ ಹೋಗಲೇಬೇಕು.

ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಬಗ್ಗೆ ಅಭ್ಯಾಸ ಮಾಡಿದರು. ನೂರು ವರ್ಷ ದಾಟಿತು. ಗೊನೆಗೆ ಎಷ್ಟು ಮದ್ದು ಬೀಳಬೇಕೆಂದು ಕಲಿತೆವು, ಬಿಡುವವನ ಮೈಗೆ ಎಷ್ಟು ಬೀಳುತ್ತದೆಂದು ನೋಡಲಿಲ್ಲ.

ಈಗ ನಮ್ಮಲ್ಲಿ ಸುಣ್ಣ ಅರಳಿಸುವುದು ಹಿಂದಿನ ಸಂಜೆ, ಅಗಲ ಬಾಯಿಯ ಪಾತ್ರೆಯಲ್ಲಿ, ಸ್ವಲ್ಪ ಸ್ವಲ್ಪವೇ ನೀರು ಹಾಕಿ, ದೂರ ನಿಂತು. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕೋಲಿನಿಂದ ಕದಡುವುದು, ಕೈಯಿಂದ ಅಲ್ಲ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿ ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು. ಅಂಥ ಮದ್ದು ಎಳೆಕಾಯಿಯನ್ನೂ ಸುಡುತ್ತದೆ, ಆಳಿನ ಚರ್ಮವನ್ನೂ.

ಕದಡುವಾಗ ಮುಚ್ಚಿದ ಕನ್ನಡಕ ಕಡ್ಡಾಯ. ಮರದ ಮೇಲೆ ಅದು ನಡೆಯುವುದಿಲ್ಲ, ಮಂಜು ಹಿಡಿಯುತ್ತದೆ. ನಾನೇ ಹಾಕಿ ನೋಡಿದ್ದೇನೆ. ಅಲ್ಲಿಗೆ ಎದುರು ಚಾಚಿದ ಟೊಪ್ಪಿ, ತುಂಬು ತೋಳಿನ ಅಂಗಿ. ಊಟಕ್ಕೆ ಮೊದಲು ಸಾಬೂನು ಹಾಕಿ ಕೈ ಮುಖ ತೊಳೆಯಲು ನೀರು ಕೊಡುವುದು ನಮ್ಮ ಕೆಲಸ. ಮದ್ದು ಕದಡುವಲ್ಲಿ ಎರಡು ಕೊಡ ಬಾವಿ ನೀರು, ಒಂದು ಗಿಂಡಿ ಇರುತ್ತದೆ. ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ.

ಕಳೆದ ಮಳೆಗಾಲ ಹೊಸದಾಗಿ ಬಂದ ಹುಡುಗ ಕನ್ನಡಕ ಕಂಡು ನಕ್ಕ. ನಮ್ಮಲ್ಲಿ ಈಗ ಮದ್ದು ಕದಡುವವನು ಆ ಕಲೆಗಣ್ಣಿನವನೇ. ಅವನನ್ನು ಬದಿಗೆ ಕರೆದು ಏನೋ ಹೇಳಿದ. ಹುಡುಗ ಹಾಕಿಕೊಂಡ.