ಔರಂಗಜೇಬ ಆಕೆಗೆ ಏನಾಗಬೇಕು?

ಪ್ರಶ್ನೆ: ಅಕ್ಕಾ, ನಮ್ಮದು ಬೀದರ್ ಜಿಲ್ಲೆಯ ಭಾಲ್ಕಿ ಕಡೆ. ನಮ್ಮವರು ಮಹಾರಾಷ್ಟ್ರದ ಸಂಭಾಜಿನಗರದ ಹತ್ತಿರ ಬಿಡಕಿನ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾರೆ. ಮಗಳು ಇಲ್ಲಿನ ಜಿಲ್ಲಾ ಪರಿಷತ್ ಶಾಲೆಯಲ್ಲಿ ಮರಾಠಿ ಮಾಧ್ಯಮದಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ಮೈದುನ ನಮ್ಮ ಜೊತೆಗೇ ಇದ್ದಾನೆ. ಅಣ್ಣನದು ಒಂದು ಪಕ್ಷ, ತಮ್ಮನದು ಇನ್ನೊಂದು. ಮೊದಲು ಹಿಂದಿ ಕಲಿಸುವ ವಿಷಯಕ್ಕೆ ಜಗಳ, ಈಗ ಇತಿಹಾಸದ ಪುಸ್ತಕಕ್ಕೆ. ಅದರಲ್ಲಿ ಅರ್ಧ ಮುಚ್ಚಿಟ್ಟಿದ್ದಾರೆ ಅಂತ ಮೈದುನ, ಈಗಷ್ಟೇ ಸರಿಯಾದದ್ದು ಬರೆದಿದ್ದಾರೆ ಅಂತ ನಮ್ಮವರು. ಹುಡುಗಿ ಒಂದು ದಿನ ತರಗತಿಯಲ್ಲಿ ಎದ್ದು ನಿಂತು, "ನಮ್ಮ ಕಾಕಾ ಈ ಪುಸ್ತಕ ಸುಳ್ಳು ಅಂತಾರೆ" ಅಂದಳಂತೆ. ಸರ್, "ನಿಮ್ಮ ಮನೆಯವರು ಯಾವ ಪಕ್ಷ?" ಅಂತ ಕೇಳಿದರಂತೆ. ತರಗತಿಯೆಲ್ಲ ನಕ್ಕಿತು. ಅಂದಿನಿಂದ ಇತಿಹಾಸದ ಪಿರಿಯಡ್ ಇದ್ದ ದಿನ ಹೊಟ್ಟೆನೋವು ಅಂತಾಳೆ. ಮೈದುನ ಆ ಸರ್ ವಿರುದ್ಧ ಫೇಸ್‌ಬುಕ್ಕಿನಲ್ಲಿ ಹಾಕುತ್ತೇನೆ ಅಂತಾನೆ. ನಮ್ಮವರು ಹುಡುಗಿಯನ್ನು ಸಿಟಿಯ ಇಂಗ್ಲಿಷ್ ಶಾಲೆಗೆ ಹಾಕೋಣ ಅಂತಾರೆ. ಮಗಳ ಪಕ್ಕ ಕೂರುವ ಗೆಳತಿ ಮುಸ್ಲಿಂ ಹುಡುಗಿ. ಮೊನ್ನೆ ರಾತ್ರಿ ಮಗಳು ನನ್ನ ಹತ್ತಿರ ಮಲಗಿಕೊಂಡು, "ಅವ್ವಾ, ಔರಂಗಜೇಬ ಆಕೆಗೆ ಏನಾಗಬೇಕು?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ನಾನು ಯಾರ ಕಡೆ ಮಾತಾಡಲಿ?

ಉತ್ತರ: ತಂಗಿ, ನಿಮ್ಮ ಮಗಳ ಪ್ರಶ್ನೆಗೆ ಇವತ್ತು ರಾತ್ರಿಯೇ ಉತ್ತರ ಹೇಳಿಬಿಡಿ. ಏನೂ ಆಗಬೇಕಾಗಿಲ್ಲ. ಔರಂಗಜೇಬ ಸತ್ತದ್ದು 1707ರಲ್ಲಿ. ನಿಮ್ಮ ಮಗಳ ಗೆಳತಿ ಹುಟ್ಟಿ ಹನ್ನೆರಡೋ ಹದಿಮೂರೋ ವರ್ಷ. ಒಬ್ಬ ಬಾದಶಹ ಮಾಡಿದ್ದಕ್ಕೆ ಈ ಹುಡುಗಿ ಉತ್ತರ ಕೊಡಬೇಕಾಗಿಲ್ಲ, ಅವಳ ಪಕ್ಕ ಕೂರುವುದಕ್ಕೆ ನಿಮ್ಮ ಮಗಳು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಇಷ್ಟನ್ನು ಸ್ಪಷ್ಟವಾಗಿ, ಅಳುಕದೆ ಹೇಳಿ. ಗಂಡ ಕೇಳಿಸಿಕೊಂಡರೂ ಚಿಂತೆಯಿಲ್ಲ, ಮೈದುನ ಕೇಳಿಸಿಕೊಂಡರೂ ಚಿಂತೆಯಿಲ್ಲ. ಬರುವ ಭಾನುವಾರ ಆ ಗೆಳತಿಯನ್ನು ಮನೆಗೆ ಕರೆಸಿ, ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಏನಾದರೂ ತಿನ್ನಲು ಕೊಡಿ. ನಾನು ಮುಂದೆ ಹೇಳುವುದೆಲ್ಲ ಇದಾದ ಮೇಲಿನ ಕೆಲಸ.

ಹೊಟ್ಟೆನೋವನ್ನು ನೆಪ ಅಂದುಕೊಳ್ಳಬೇಡಿ. ಅಪ್ಪನನ್ನೂ ಕಾಕಾನನ್ನೂ ಒಂದೇ ಸಮ ಪ್ರೀತಿಸುವ ಮಗು ಅದು. ಪುಸ್ತಕ ಸರಿ ಅಂದರೆ ಕಾಕಾ ಸುಳ್ಳುಗಾರ, ತಪ್ಪು ಅಂದರೆ ಅಪ್ಪ ಸುಳ್ಳುಗಾರ. ಶಾಲೆಗೆ ಹೋದರೆ ಸರ್ ಮೂರನೆಯವರು. ಬಾಯಿ ತೆರೆದರೆ ಒಬ್ಬರನ್ನು ಬಿಟ್ಟುಕೊಟ್ಟ ಹಾಗೆ ಆಗುತ್ತದೆ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದಾಳೆ. ಮಾತಿಗೆ ಬರದ ಸಂಕಟ ಆ ವಯಸ್ಸಿನಲ್ಲಿ ಹೊಟ್ಟೆಯಲ್ಲೋ ತಲೆಯಲ್ಲೋ ನೋವಾಗಿ ಕಾಣಿಸಿಕೊಳ್ಳುವುದು ನಾವು ದಿನಾ ನೋಡುವ ಸಂಗತಿ. ಒಮ್ಮೆ ವೈದ್ಯರಿಗೆ ತೋರಿಸಿ. ದೇಹದಲ್ಲಿ ದೋಷವಿಲ್ಲ ಎಂದರೆ ಮದ್ದು ಮನೆಯಲ್ಲೇ ಇದೆ.

ನೀವು ಯಾರ ಕಡೆ ಮಾತಾಡಬೇಕು ಅಂದಿರಿ. ಮಗಳ ಕಡೆ. ಗಂಡ ಮತ್ತು ಮೈದುನ ಒಂದೇ ಪಕ್ಷಕ್ಕೆ ಬರಬೇಕಾಗಿಲ್ಲ, ಅದು ನಿಮ್ಮ ಕೆಲಸವೂ ಅಲ್ಲ. ದುಡಿಯುವ ಜನ ರಾಜಕೀಯ ಮಾತಾಡುವುದು ತಪ್ಪೆಂದು ನಾನು ಒಪ್ಪುವುದಿಲ್ಲ, ಮಾತಾಡಲಿ. ಆದರೆ ಇಬ್ಬರನ್ನೂ ಕೂರಿಸಿಕೊಂಡು ಒಂದು ಮಾತನ್ನು ಗಟ್ಟಿಯಾಗಿ ಕೇಳಿ: ಅವಳ ಪುಸ್ತಕ, ಅವಳ ಸರ್, ಅವಳ ಗೆಳತಿ, ಈ ಮೂರನ್ನು ಅವಳ ಎದುರು ತೀರ್ಪಿಗೆ ಎಳೆಯಬಾರದು. "ನೀನು ಹೇಳವ್ವಾ, ಯಾರದು ಖರೆ?" ಅಂತ ಅವಳನ್ನು ಕೇಳಲೇಬಾರದು.

ಅವರು ತಕ್ಷಣ ಒಪ್ಪಲಿಕ್ಕಿಲ್ಲ. ಆಗ ಬಸವಣ್ಣನವರನ್ನು ನೆನಪಿಸಿ. 2022ರಲ್ಲಿ ಕರ್ನಾಟಕದ ಸಮಾಜ ವಿಜ್ಞಾನ ಪುಸ್ತಕದಲ್ಲಿ ಬಸವಣ್ಣನವರ ಪಾಠ ತಿದ್ದಿದಾಗ ಬೀದರ್ ಕಡೆಯ ಎಷ್ಟು ಮನೆಗಳಲ್ಲಿ ಸಿಟ್ಟು ಎದ್ದಿತ್ತು! ಮಠಾಧೀಶರೇ ಆಕ್ಷೇಪ ಎತ್ತಿದರು. ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಆ ಪರಿಷ್ಕರಣಾ ಸಮಿತಿಯನ್ನು ಸರ್ಕಾರ ಜೂನ್ ತಿಂಗಳಲ್ಲಿ ವಿಸರ್ಜಿಸಿತು. ದೇವನೂರ ಮಹಾದೇವ ಅವರಂಥ ಲೇಖಕರು ತಮ್ಮ ಪಾಠ ಬೇಡವೆಂದರು. ನಿಮ್ಮ ಮನೆಯ ಅಣ್ಣ-ತಮ್ಮಂದಿರು ಶರಣರ ನಾಡಿನವರು, ಆಗ ಇಬ್ಬರ ದನಿಯೂ ಒಂದೇ ಆಗಿತ್ತೋ ಏನೋ ಕೇಳಿ ನೋಡಿ. ಯಾಕೆ ನೋವಾಯಿತು? ನಮಗೆ ಬೇಕಾದವರನ್ನು ನಮ್ಮನ್ನು ಕೇಳದೆ ಯಾರೋ ತಿದ್ದಿದರು ಎಂದು. ಆ ನೋವು ಇವತ್ತು ಒಬ್ಬರಿಗಾದರೆ ನಾಳೆ ಇನ್ನೊಬ್ಬರಿಗೆ. 2023ರಲ್ಲಿ ಸರ್ಕಾರ ಬದಲಾಯಿತು, ಹೆಡಗೇವಾರ್ ಮತ್ತು ಸಾವರ್ಕರ್ ಪಾಠಗಳು ಹೊರಗೆ ಹೋದವು. ದಿಲ್ಲಿಯಲ್ಲೂ ಇದೇ ಕಥೆ. ಆರ್.ಎಸ್. ಶರ್ಮಾ ಬರೆದ ಪ್ರಾಚೀನ ಭಾರತದ ಪಠ್ಯವನ್ನು ಹಿಂದಕ್ಕೆ ಪಡೆದದ್ದು ಜನತಾ ಸರ್ಕಾರದ ಕಾಲದಲ್ಲಿ, 1978ರಲ್ಲಿ. ಆಮೇಲೆ ಬಂದವರೆಲ್ಲರೂ ಸೇರಿಸಿದರು, ತೆಗೆದರು. ಮಹಾರಾಷ್ಟ್ರದ ಏಳನೇ ತರಗತಿಯ ಇತಿಹಾಸದಲ್ಲಿ ಮೊಘಲರ ಭಾಗ ಕುಗ್ಗಿ ಶಿವಾಜಿ ಮಹಾರಾಜರೇ ನಡುಮನೆಗೆ ಬಂದದ್ದು 2017ರ ಪುಸ್ತಕದಲ್ಲಿ. ಹಾಗಾಗಿ ಮೈದುನ ಹೇಳುವುದರಲ್ಲಿ ಹುರುಳಿದೆ: ಏನನ್ನು ಬಿಡುತ್ತೇವೆ ಎಂಬುದೂ ಒಂದು ತೀರ್ಮಾನ. ನಿಮ್ಮವರು ಹೇಳುವುದರಲ್ಲೂ ಇದೆ: ಈ ನೆಲದ ಮಕ್ಕಳಿಗೆ ಈ ನೆಲದ ಕಥೆ ಮೊದಲು ಸಿಗಬೇಕು. ಆದರೆ ಪುಸ್ತಕ "ಸುಳ್ಳು" ಎನ್ನುವುದೂ, "ಈಗಷ್ಟೇ ಸರಿ" ಎನ್ನುವುದೂ ಮಗುವಿನ ಕೈಯಲ್ಲಿ ಕೊಡಬಹುದಾದ ಮಾತುಗಳಲ್ಲ. "ಇದರಲ್ಲಿ ಇಷ್ಟಿದೆ, ಇನ್ನಷ್ಟು ಬೇರೆ ಕಡೆ ಇದೆ, ಹುಡುಕೋಣ ಬಾ" ಎನ್ನುವುದು ಕೊಡಬಹುದಾದ ಮಾತು.

ಹುಡುಕುವುದಕ್ಕೆ ನೀವಿರುವ ಜಾಗಕ್ಕಿಂತ ಒಳ್ಳೆಯ ಜಾಗ ಇಡೀ ದೇಶದಲ್ಲಿ ಅಪರೂಪ. ಜಗಳ ಮಾಡುವ ಇಬ್ಬರನ್ನೂ ಜೊತೆಗೆ ಹೊರಡಿಸಿ.

ಬಿಡಕಿನ್‌ನಿಂದ ಒಂದು ದಿಕ್ಕಿಗೆ ಹೋದರೆ ಪೈಠಣ, ಶಾತವಾಹನರ ಪ್ರತಿಷ್ಠಾನ, ಸಂತ ಏಕನಾಥರ ಊರು. ಅಲ್ಲಿ ಹರಿಯುವ ಗೋದಾವರಿಯನ್ನೇ ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಗಡಿ ಎಂದು ಹೇಳಿರುವುದು. ಮರಾಠಿ ಶಾಲೆಯಲ್ಲಿ ಓದುವ ನಿಮ್ಮ ಹುಡುಗಿಗೆ ಈ ನದಿ ತನ್ನದೂ ಹೌದು ಎಂದು ಗೊತ್ತಾಗಲಿ. ಇನ್ನೊಂದು ದಿಕ್ಕಿಗೆ ಹೋದರೆ ಎಲ್ಲೋರ. ಕೈಲಾಸ ದೇವಾಲಯವನ್ನು ಕೊರೆಸಿದ ಒಂದನೇ ಕೃಷ್ಣ ರಾಷ್ಟ್ರಕೂಟರವನು. ಆ ವಂಶ ಆಮೇಲೆ ರಾಜಧಾನಿ ಮಾಡಿಕೊಂಡ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಯಾದವರ ದೇವಗಿರಿ, ದೌಲತಾಬಾದ್ ಕೋಟೆ, ಅಲ್ಲೇ ಹತ್ತಿರ.

ಇನ್ನು ಸಂಭಾಜಿನಗರ. 1610ರಲ್ಲಿ ಖಡ್ಕಿ ಎಂಬ ಹಳ್ಳಿಯನ್ನು ನಗರವಾಗಿ ಕಟ್ಟಿದವನು ಮಲಿಕ್ ಅಂಬರ್, ಆಫ್ರಿಕದ ಇಥಿಯೋಪಿಯದಿಂದ ಗುಲಾಮನಾಗಿ ಬಂದು ನಿಜಾಮಶಾಹಿಯ ದಿವಾನನಾದವನು. ಊರಿಗೆ ನೀರು ತರಲು ಅವನು ಮಾಡಿಸಿದ ನಹರಿನ ಕುರುಹು ಇವತ್ತಿಗೂ ಇದೆ. ಅವನು ಜೀವನವಿಡೀ ಕಾದಾಡಿದ್ದು ಮೊಘಲರ ವಿರುದ್ಧ. 1624ರ ಭಾತವಡಿ ಯುದ್ಧದಲ್ಲಿ ಶಿವಾಜಿಯ ತಂದೆ ಶಹಾಜಿ ಭೋಸಲೆ ಅವನ ಪಕ್ಷದಲ್ಲಿದ್ದರು. ಅಂಬರನ ಮಗನ ಕಾಲದಲ್ಲಿ ಊರು ಫತೇನಗರವಾಯಿತು, ಔರಂಗಜೇಬ ದಖ್ಖನ್ನಿನ ಸುಬೇದಾರನಾಗಿದ್ದಾಗ ಔರಂಗಾಬಾದ್ ಆಯಿತು, 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ಸಂಭಾಜಿ ಮಹಾರಾಜರನ್ನು 1689ರಲ್ಲಿ ಔರಂಗಜೇಬ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ್ದು ನಿಜ, ಅದನ್ನು ಮಗಳಿಂದ ಮುಚ್ಚಿಡಬೇಡಿ. ಅದೇ ಬಾದಶಹನ ಪರವಾಗಿ ದಂಡು ತಂದು 1665ರಲ್ಲಿ ಪುರಂದರದ ಒಪ್ಪಂದ ಮಾಡಿಸಿದವನು ರಜಪೂತ ಮಿರ್ಜಾ ರಾಜಾ ಜೈಸಿಂಗ್ ಎನ್ನುವುದೂ ನಿಜ, ಅದನ್ನೂ ಮುಚ್ಚಿಡಬೇಡಿ. ಖುಲ್ದಾಬಾದಿನಲ್ಲಿ ಔರಂಗಜೇಬನ ಸಾದಾ ಗೋರಿಯೂ ಇದೆ, ಮಲಿಕ್ ಅಂಬರನ ಗೋರಿಯೂ ಇದೆ. 2025ರ ಮಾರ್ಚಿನಲ್ಲಿ ಔರಂಗಜೇಬನ ಗೋರಿಯ ವಿಷಯಕ್ಕೆ ದೂರದ ನಾಗಪುರದಲ್ಲಿ ಗಲಭೆಯಾಗಿ ಕರ್ಫ್ಯೂ ಹಾಕಿದ್ದು ನಿಮ್ಮ ಮಗಳ ಕಿವಿಗೂ ಬಿದ್ದಿರುತ್ತದೆ. ಅವಳ ಪ್ರಶ್ನೆ ಅಂಥ ಗಾಳಿಯಲ್ಲಿ ಹುಟ್ಟಿದ್ದು.

ಇವನ್ನೆಲ್ಲ ನೋಡಿದ ಹುಡುಗಿಗೆ ಯಾರ ಪಕ್ಷ ಎಂದು ಯಾರಾದರೂ ಕೇಳಿದರೆ, ಯಾವ ಯುದ್ಧದಲ್ಲಿ, ಯಾವ ವರ್ಷ ಎಂದು ಮರುಪ್ರಶ್ನೆ ಹಾಕುವಷ್ಟು ಧೈರ್ಯ ಬರುತ್ತದೆ. ನನಗೆ ಅವಳಲ್ಲಿ ನೋಡಬೇಕಾದದ್ದು ಆ ಧೈರ್ಯ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕ ಹೇಳಿದ್ದನ್ನು ಬರೆಯಲಿ. ಅದು ಅಪ್ಪನ ಪರವೂ ಅಲ್ಲ, ಕಾಕಾನ ವಿರುದ್ಧವೂ ಅಲ್ಲ, ಕೇಳಿದ ಪ್ರಶ್ನೆಗೆ ಪಾಠದ ಉತ್ತರ ಅಷ್ಟೇ ಎಂದು ಮೊದಲೇ ಹೇಳಿಡಿ. ಮಕ್ಕಳು ಇದನ್ನು ಪಾಪದ ಹಾಗೆ ಹೊತ್ತು ತಿರುಗುತ್ತಾರೆ.

ಸರ್ ವಿಷಯ. ತುಂಬಿದ ತರಗತಿಯಲ್ಲಿ ಮಗುವಿನ ಮನೆಯವರ ಪಕ್ಷ ಕೇಳಿದ್ದು ತಪ್ಪು, ಅದರಲ್ಲಿ ನನಗೆ ಎರಡು ಮಾತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಮಗು ಭಯ, ಆಘಾತ, ಆತಂಕಗಳಿಲ್ಲದೆ ಕಲಿಯಬೇಕು, ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಿಕೊಳ್ಳುವಂತಿರಬೇಕು ಎನ್ನುತ್ತದೆ. ಆದರೂ ಮೊದಲು ಹೋಗಿ ಮಾತಾಡಿ. ನೀವೇ ಹೋಗಿ, ಫೋನು ಚೀಲದೊಳಗಿರಲಿ. "ಹುಡುಗಿ ಹೇಳಿದ ರೀತಿ ಸರಿಯಿರಲಿಲ್ಲವೇನೋ, ಆದರೆ ಅಂದಿನಿಂದ ಅವಳು ತರಗತಿಗೆ ಹೆದರುತ್ತಿದ್ದಾಳೆ" ಎಂದು ಇದ್ದದ್ದನ್ನು ಹೇಳಿ. "ಪುಸ್ತಕ ಸುಳ್ಳು" ಎಂದು ಎಲ್ಲರೆದುರು ಕೇಳಿಸಿಕೊಂಡ ಶಿಕ್ಷಕರ ಬಾಯಿಂದ ಆ ಕ್ಷಣಕ್ಕೆ ಹೊರಟ ಮಾತೂ ಇರಬಹುದು. ಒಂದು ಮಾತಿಗೂ ಒಂದು ಅಭ್ಯಾಸಕ್ಕೂ ವ್ಯತ್ಯಾಸವಿದೆ. ಪ್ರಶ್ನೆ ಕೇಳುವ ಮಕ್ಕಳ ಬಾಯಿಯನ್ನು ದಿನಾ ಹೀಗೇ ಮುಚ್ಚಿಸುತ್ತಾರೆಯೇ, ಒಂದು ಜಾತಿಯ ಅಥವಾ ಧರ್ಮದ ಮಕ್ಕಳನ್ನು ಬೊಟ್ಟು ಮಾಡಿ ಮಾತಾಡುತ್ತಾರೆಯೇ ಎಂಬುದನ್ನು ಇನ್ನೂ ನಾಲ್ಕು ತಾಯಂದಿರನ್ನು ಕೇಳಿ ತಿಳಿದುಕೊಳ್ಳಿ. ಹಾಗಿದ್ದರೆ ಮುಖ್ಯೋಪಾಧ್ಯಾಯರಿಗೂ ಶಾಲಾ ವ್ಯವಸ್ಥಾಪನ ಸಮಿತಿಗೂ ಬರಹದಲ್ಲಿ ಕೊಡಿ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು ಎಂಬುದು ಅದೇ ಕಾಯ್ದೆಯ ಮಾತು. ಕನ್ನಡದವಳು, ಹೊರಗಿನವಳು ಎಂದು ಹಿಂಜರಿಯಬೇಡಿ. ನಿಮ್ಮ ಮಗಳು ಆ ಶಾಲೆಯವಳು. ಅಲ್ಲೂ ಕೇಳದಿದ್ದರೆ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ, ಅಂದರೆ ನಿಮಗೆ ಜಿಲ್ಲಾ ಪರಿಷತ್ತಿಗೆ ದೂರು ಕೊಡಬಹುದು.

ಫೇಸ್‌ಬುಕ್ಕು ಬೇಡವೇ ಬೇಡ. ಅಲ್ಲಿಗೆ ಹೋದ ಕ್ಷಣ ವಿಷಯ ಎರಡು ಪಕ್ಷದ ಕೈಗೆ ಬೀಳುತ್ತದೆ, ಹುಡುಗಿಯ ಹೆಸರು ಊರೆಲ್ಲ ಓಡಾಡುತ್ತದೆ, ಮರುದಿನ ಅದೇ ತರಗತಿಯಲ್ಲಿ ಕೂರಬೇಕಾದವಳು ಅವಳು, ಮೈದುನ ಅಲ್ಲ. ಇದನ್ನು ಅವನಿಗೆ ಅತ್ತಿಗೆಯಾಗಿ, ಬೈದಾದರೂ ಹೇಳಿ.

ಶಾಲೆ ಬದಲಿಸುವ ಮಾತು. ಕಲಿಕೆ ಚೆನ್ನಾಗಿಲ್ಲ, ಶಿಕ್ಷಕರು ಸಾಲದು ಎಂಬ ಕಾರಣಕ್ಕಾದರೆ ಯೋಚಿಸಿ. ಈ ಜಗಳದಿಂದ ತಪ್ಪಿಸಿಕೊಳ್ಳಲು ಬೇಡ. ಸಿಟಿಯ ಶಾಲೆಗೂ ಇದೇ ಗಾಳಿ ಬೀಸುತ್ತದೆ, ಮನೆ ಅದೇ ಮನೆ, ಮೇಲೆ ಗೆಳತಿಯೂ ಕೈತಪ್ಪುತ್ತಾಳೆ. ತನ್ನ ಬಾಯಿಂದ ತಪ್ಪಾಯಿತು, ಅದಕ್ಕೇ ಶಾಲೆ ಬಿಡಿಸಿದರು ಎಂದು ಹುಡುಗಿ ಅಂದುಕೊಳ್ಳುತ್ತಾಳೆ.

ಹಿಂದಿಯ ಜಗಳವನ್ನಂತೂ ನಿಮ್ಮ ಮನೆಯಲ್ಲಿ ಈಗಲೇ ಮುಗಿಸಬಹುದು. 2025ರ ಏಪ್ರಿಲ್ 16ರ ಮಹಾರಾಷ್ಟ್ರ ಸರ್ಕಾರದ ಆದೇಶ ಇದ್ದದ್ದು ಒಂದನೇ ತರಗತಿಯಿಂದ ಹಿಂದಿ ಕಲಿಸುವ ಬಗ್ಗೆ. ಜೂನ್‌ನಲ್ಲಿ ಅದನ್ನು ತಿದ್ದಿದರು, ಅದೇ ತಿಂಗಳ 29ರಂದು ಹಿಂದಕ್ಕೆ ಪಡೆದು ನರೇಂದ್ರ ಜಾಧವ್ ಸಮಿತಿ ಮಾಡಿದರು. ಜುಲೈ 5ಕ್ಕೆ ಮುಂಬೈಯಲ್ಲಿ ಠಾಕ್ರೆ ಸೋದರರು ಒಂದೇ ವೇದಿಕೆಗೆ ಬಂದದ್ದೂ ಅದರಿಂದಲೇ. ನಿಮ್ಮ ಮಗಳು ಮೊದಲಿನಿಂದಲೂ ಇರುವ ಪದ್ಧತಿಯಂತೆ ಐದನೇ ತರಗತಿಯಿಂದ ಹಿಂದಿ ಓದುತ್ತಿದ್ದಾಳೆ. ಅಷ್ಟೆಲ್ಲ ಗದ್ದಲದಲ್ಲಿ ಅವಳ ವೇಳಾಪಟ್ಟಿಯ ಒಂದು ಪಿರಿಯಡ್ಡೂ ಅಲುಗಲಿಲ್ಲ. ಆದರೆ ಮರಾಠಿ, ಹಿಂದಿ, ಇಂಗ್ಲಿಷ್ ಎಂದು ಇಬ್ಬರು ಗಂಡಸರು ಕೂಗಾಡುವಾಗ ಅವಳಿಗೆ ಕನ್ನಡ ಓದಲು ಬರುತ್ತದೆಯೇ ಎಂದು ಯಾರೂ ಕೇಳಿದ ಸುಳಿವು ನಿಮ್ಮ ಕಾಗದದಲ್ಲಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯಾದರೆ ಕನ್ನಡ ಶಾಲೆಗಳಿವೆ. ನಿಮ್ಮಲ್ಲಿ ಅದು ಮನೆಯಲ್ಲೇ ಆಗಬೇಕು. ವಾದಕ್ಕೆ ಕೂರುವ ಹೊತ್ತಿನಲ್ಲಿ ಅರ್ಧ ಗಂಟೆ ಕಾಕಾ ಅವಳಿಗೆ ಕನ್ನಡ ಅಕ್ಷರ ಕಲಿಸಲಿ, ಅಪ್ಪ ಕನ್ನಡ ಪತ್ರಿಕೆ ಓದಿಸಲಿ.

ಇಷ್ಟಾದ ಮೇಲೂ ಒಂದು ತಿಂಗಳೊಳಗೆ ಹೊಟ್ಟೆನೋವು ಕಡಿಮೆಯಾಗದಿದ್ದರೆ, ನಿದ್ದೆ ಊಟ ಕೆಟ್ಟರೆ, ಶಾಲೆಗೇ ಹೋಗುವುದಿಲ್ಲ ಎಂದು ಹಟ ಹಿಡಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ. ಕನ್ನಡದಲ್ಲೂ ಮಾತಾಡುತ್ತಾರೆ, ಮರಾಠಿಯಲ್ಲೂ ಮಾತಾಡುತ್ತಾರೆ. ಮಗಳು ಯಾವ ಭಾಷೆಯಲ್ಲಿ ಹೇಳಿಕೊಳ್ಳುತ್ತೇನೆ ಅನ್ನುತ್ತಾಳೋ ಅದರಲ್ಲೇ ಮಾತಾಡಲು ಬಿಡಿ.