ಹೊನ್ನೆಯ ನೀರು, ಹೊಳೆಮತ್ತಿಯ ಹಾಲು

ಹುಲ್ಲಹಳ್ಳಿ ನಾಲೆಯ ನೀರು ಹರಿಯುವ ಗ್ರಾಮಗಳಲ್ಲಿ ಹೊಸ ಅಕ್ಕಿಯ ಅನ್ನ, ಕೆನೆಮೊಸರು, ಬೆಲ್ಲದ ಪಾಯಸಗಳು ಸುಭಿಕ್ಷದ ಗುರುತು. ಪ್ರಮೇಹದ ಕಾರಣಗಳನ್ನು ಹೇಳುವಾಗ ಚರಕಾಚಾರ್ಯರು ಎಣಿಸಿರುವುದೂ ಬಹುಮಟ್ಟಿಗೆ ಇವುಗಳನ್ನೇ. ಜೊತೆಗೆ ಕುಳಿತಿರುವ ಸುಖ, ಮಲಗಿರುವ ಸುಖ. ನಮ್ಮ ಹಿರಿಯರು ಇದೇ ಅನ್ನವನ್ನುಂಡು ದಿನವಿಡೀ ಕೆಸರಿನಲ್ಲಿ ದುಡಿಯುತ್ತಿದ್ದರು. ಇಂದು ಗದ್ದೆಗೆ ಯಂತ್ರ ಇಳಿದಿದೆ. ತಟ್ಟೆಯ ಅನ್ನ ಮಾತ್ರ ಕಡಿಮೆಯಾಗಿಲ್ಲ.

ಈ ರೋಗಕ್ಕೆ ನಮ್ಮ ಭಾಗದಲ್ಲಿ ಹೊನ್ನೆಯ ಬಳಕೆ ಹೆಚ್ಚು. ಶಾಸ್ತ್ರವು ಇದನ್ನು ಬೀಜಕ, ಅಸನ ಎಂದು ಕರೆಯುತ್ತದೆ. ಮರದ ತಿರುಳಿನಿಂದ ಕಡೆದ ಲೋಟದಲ್ಲಿ ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವುದು ರೂಢಿ. ಇದು ಬರಿಯ ನಂಬಿಕೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಅದರಲ್ಲಿ 12 ವಾರಗಳ ಕೊನೆಗೆ 97 ರೋಗಿಗಳ ಪೈಕಿ 67 ಮಂದಿಯ ಸಕ್ಕರೆ ಹತೋಟಿಗೆ ಬಂದಿತ್ತು. ಆದರೆ ಅವರೆಲ್ಲ ರೋಗವು ಆಗಷ್ಟೇ ಪತ್ತೆಯಾದವರು. ದಿನಕ್ಕೆ 2ರಿಂದ 4 ಗ್ರಾಂ ಎಂಬ ಅಳತೆಯಿತ್ತು, ವೈದ್ಯರ ಕಣ್ಗಾವಲಿತ್ತು. ಲೋಟದ ನೀರಿಗೆ ಈ ಅಳತೆಯಿಲ್ಲ. ಲೋಟ ಹಳತಾದಂತೆ ಸಾರವೂ ಇಳಿಯುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ರೈತರೊಬ್ಬರಿಗೆ ನಾವೇ ಹೊನ್ನೆಯ ಲೋಟವನ್ನು ಸೂಚಿಸಿದ್ದೆವು. ನುಂಗುತ್ತಿದ್ದ ಮಾತ್ರೆಗಳನ್ನು ನಿಲ್ಲಿಸಬಾರದೆಂದು ಹೇಳಲಿಲ್ಲ. ಅದು ತಿಳಿದ ಮಾತೆಂದು ಭಾವಿಸಿದೆವು. ಅವರು ಎಲ್ಲವನ್ನೂ ಬಿಟ್ಟರು. ವರ್ಷದ ಬಳಿಕ ಒಣಗದ ಕಾಲಿನ ಹುಣ್ಣಿನೊಂದಿಗೆ ಬಂದರು. ಮೈಸೂರಿಗೆ ಕಳುಹಿಸಿದಾಗ ಇ.ಸಿ.ಜಿ.ಯಲ್ಲಿ ಹಿಂದೆಯೇ ಹೃದಯಾಘಾತವಾಗಿದ್ದುದು ಕಂಡಿತು. ಎದೆ ನೋಯಲೇ ಇಲ್ಲವೆಂದರು ಅವರು, ಬರಿಯ ಆಯಾಸವೆಂದುಕೊಂಡಿದ್ದರಂತೆ. ಮಧುಮೇಹವು ನರಗಳನ್ನು ಮಂದಗೊಳಿಸುವುದರಿಂದ ಹೃದಯದ ನೋವು ಎಷ್ಟೋ ಬಾರಿ ತಿಳಿಯುವುದಿಲ್ಲ. ಕಾರಣವಿಲ್ಲದ ಏದುಸಿರು, ತಣ್ಣನೆಯ ಬೆವರು ಕಂಡರೆ ಕಷಾಯ ಕಾಯಿಸುತ್ತ ಕೂರದೆ ಆಸ್ಪತ್ರೆಗೆ ಧಾವಿಸಬೇಕು.

ಹೃದಯಕ್ಕೆ ಬಲ ನೀಡುವ ದ್ರವ್ಯಗಳಲ್ಲಿ ಕಪಿಲೆಯಂತಹ ಹೊಳೆಗಳ ದಡದಲ್ಲಿ ಬೆಳೆಯುವ ಹೊಳೆಮತ್ತಿ, ಅಂದರೆ ಅರ್ಜುನ, ಮುಖ್ಯವಾದುದು. ಇದರ ಕ್ಷೀರಪಾಕಕ್ಕೆ ತೊಗಟೆಯ ಚೂರ್ಣ 5 ಗ್ರಾಂ, ಹಾಲು 40 ಮಿ.ಲೀ., ನೀರು 160 ಮಿ.ಲೀ. ಸೇರಿಸಿ, ಹಾಲಷ್ಟೇ ಉಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ ಸೋಸುತ್ತಾರೆ. ಸಕ್ಕರೆ, ಬೆಲ್ಲ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಸೇವಿಸಬಾರದು. ಮರದ ಸುತ್ತ ತೊಗಟೆ ಸುಲಿದರೆ ಮರವೇ ಸಾಯುತ್ತದೆ. ಒಂದು ಬದಿಯಲ್ಲಿ ಅಂಗೈಯಗಲ ಮಾತ್ರ ತೆಗೆಯಿರಿ.

ಮಧುನಾಶಿನಿಯ ಎಲೆಯನ್ನು ಅಗಿದರೆ ನಾಲಗೆಗೆ ಸ್ವಲ್ಪ ಹೊತ್ತು ಸಿಹಿಯೇ ತಿಳಿಯದು. ದಾಸೋಹದ ಪಾಯಸಕ್ಕೆ ಮುನ್ನ ಎಲೆ ಅಗಿದು ಬರುವ ಭಕ್ತರನ್ನು ನಾವು ಕಂಡಿದ್ದೇವೆ! ರುಚಿ ತಿಳಿಯದಿದ್ದರೂ ಸಕ್ಕರೆ ರಕ್ತಕ್ಕೆ ಸೇರಿಯೇ ಸೇರುತ್ತದೆ. ಎಲೆಯ ಘನಸತ್ತ್ವವನ್ನು ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದು ನಡುಕ, ಬೆವರು, ಕಣ್ಣು ಕತ್ತಲೆ ಬರಬಹುದು. ಆಗ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಬೆರೆಸಿ ಕುಡಿಯಬೇಕು.

ನಮ್ಮಲ್ಲಿಗೆ ಬರುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಮೂರು ತಿಂಗಳ ಸರಾಸರಿ ಸಕ್ಕರೆಯ ವರದಿಯನ್ನೂ ತನ್ನಿ. ಹೊನ್ನೆಯ ಲೋಟವಿದ್ದರೆ ಅದನ್ನೂ ತನ್ನಿ. ಸಾರ ಉಳಿದಿದೆಯೇ ಎಂದು ನೋಡಿ ಹೇಳುತ್ತೇವೆ.