‘ಫೋರ್ಸಿಬ್ಲಿ’ ಎಂಬ ಮಾತು

ಅಂಜನಾಪುರದ ಜಲಾಶಯವು ತುಂಬಿ ಕೋಡಿಬಿದ್ದಾಗ ಕುಮುದ್ವತಿಯ ನೀರು ರಭಸದಿಂದ ಧುಮುಕುತ್ತದೆನ್ನುತ್ತೇವೆ; ಬಲಾತ್ಕಾರದಿಂದ ಎನ್ನುವದಿಲ್ಲ. ಎದುರಿಗಿರುವವರ ಇಚ್ಛೆಯು ಮುರಿಯಲ್ಪಟ್ಟಲ್ಲಿ ಮಾತ್ರವೇ ಬಲಾತ್ಕಾರವು.

ಆಂಗ್ಲರ ‘ಫೋರ್ಸಿಬ್ಲಿ’ ಎಂಬ ಕ್ರಿಯಾವಿಶೇಷಣವಾದರೋ ಎರಡು ಅರ್ಥಗಳುಳ್ಳದ್ದು. ಬಾಗಿಲನ್ನು ‘ಫೋರ್ಸಿಬ್ಲಿ’ ತೆರೆದರೆಂದರೆ ಬಲವನ್ನುಪಯೋಗಿಸಿ. ಸತ್ಯವನ್ನು ಹಾಗೆ ನುಡಿದರೆಂದರೆ ಮನದಟ್ಟಾಗುವಂತೆ. ಈ ಭೇದವನ್ನರಿಯದೆ ಮೊದಲನೆಯ ಅರ್ಥವನ್ನೇ ಎಲ್ಲೆಲ್ಲಿಯೂ ಹಾಕಿದರೆ ಹೊಗಳಿಕೆಯು ನಿಂದೆಯಾಗುವದು.

ನಮ್ಮ ನುಡಿಯಲ್ಲಿಯೂ ‘ಒತ್ತು’ ಎಂಬ ಒಂದೇ ಧಾತುವಿನಿಂದ ‘ಒತ್ತಿ ಹೇಳಿದಳು’, ‘ಒತ್ತಾಯಪಡಿಸಿದಳು’ ಎಂಬೆರಡೂ ಹುಟ್ಟಿವೆಯಷ್ಟೆ. ಓದು ಬಿಡಿಸಬೇಡಿರೆಂದು ತಂದೆಯ ಮುಂದೆ ಒತ್ತಿ ಹೇಳುವ ಮಗಳನ್ನು ಹಟಮಾರಿಯೆನ್ನುವವರುಂಟು. ಅವಳು ನುಡಿದದ್ದು ಎರಡನೆಯ ‘ಫೋರ್ಸಿಬ್ಲಿ’. ಅವಳನ್ನು ಬಲವಂತವಾಗಿ ಮನೆಯಲ್ಲಿ ನಿಲ್ಲಿಸುವದು ಮೊದಲನೆಯದು.